ಆಧಾರ ಬೇಕು

ಕಳ್ಳ ಮತ್ತೆ ಅದೇ ಎರಡು ಪದ ಅಂಟಿಸಿ ಹೋಗಿದ್ದ. ‘ಆಧಾರ ಬೇಕು.’

ಶಾಂತಮಲ್ಲಪ್ಪ ಮೇಷ್ಟ್ರು ಕನ್ನಡಕ ಹಣೆಗೇರಿಸಿ ಹಲ್ಲು ಕಡಿದರು. ಹದಿನೇಳನೇ ಸಲ ಇದು. ಅಂತರ್ಜಾಲದ ವಿಶ್ವಕೋಶದಲ್ಲಿ ಯಾರು ಬೇಕಾದರೂ ಬರೆಯಬಹುದು, ಯಾರು ಬೇಕಾದರೂ ತಿದ್ದಬಹುದು, ಸರಿ. ಆದರೆ ಒಬ್ಬನೇ ಮನುಷ್ಯನ ಬೆನ್ನಿಗೆ ಹೀಗೆ ಬೇತಾಳನ ಹಾಗೆ ಬೀಳುವುದೆಂದರೇನು?

ನಿವೃತ್ತಿಯಾದ ಮೇಲೆ ಅವರ ಕಣ್ಣಿಗೆ ಬಿದ್ದದ್ದು ನೈಜೀರಿಯಾದ ಇಗ್ಬೋ ಜನರ ಮೇಲಿನ ಲೇಖನ. ಕೋಟಿಗಟ್ಟಲೆ ಜನ, ನಾಲ್ಕು ಸಾಲು. ಅದರಲ್ಲೊಂದು ಸಾಲು ‘ಇವರು ಕಪ್ಪಗಿರುತ್ತಾರೆ’ ಅಂತ. ಮೇಷ್ಟ್ರಿಗೆ ಮೈ ಉರಿದುಹೋಯಿತು. ಮನುಷ್ಯರನ್ನು ಇಷ್ಟು ಹಗುರ ಮಾಡುವುದುಂಟೇ? ಎಂಟು ತಿಂಗಳು ಕೂತು ನಾಲ್ಕು ಸಾಲನ್ನು ಹದಿನಾಲ್ಕು ಪುಟ ಮಾಡಿದರು. ಅವರು ಹೇಳುವುದು, ಹೆಂಡತಿ ಚಂದ್ರಮತಿ ಟೈಪು ಮಾಡುವುದು. ಮದುವೆಗೆ ಮುಂಚೆ ಹತ್ತಿರದ ಕಾಡಂಚಿನ ಹಳ್ಳಿ ಮದ್ದೂರಿನ ತವರಿನಿಂದ ದಿನಾ ಗುಂಡ್ಲುಪೇಟೆಗೆ ಬಸ್ಸಿನಲ್ಲಿ ಬಂದು ಟೈಪಿಂಗ್ ಪಾಸು ಮಾಡಿದ್ದಾಕೆ. ಮೇಷ್ಟ್ರ ಬೆರಳಿಗೆ ಸೀಮೆಸುಣ್ಣ ಬಿಟ್ಟು ಬೇರೇನೂ ಒಗ್ಗಿರಲಿಲ್ಲ.

ಭಾನುವಾರ ಚಾಮರಾಜನಗರದಲ್ಲಿ ಲೇಖಕರ ಕೂಟ. ಅಲ್ಲಿ ಈ ಲೇಖನಕ್ಕೆ ‘ಉತ್ತಮ’ ಎಂಬ ನಕ್ಷತ್ರ ಸಿಗಬೇಕು. ಮೂವತ್ತನಾಲ್ಕು ವರ್ಷ ಬೇರೆಯವರು ಬರೆದ ಪಾಠವನ್ನೇ ಒಪ್ಪಿಸಿದ ಮೇಷ್ಟ್ರಿಗೆ ತಮ್ಮದು ಅಂತ ಹೇಳಿಕೊಳ್ಳಲು ಇದೊಂದೇ ಇತ್ತು. ‘ಆಧಾರ ಬೇಕು’ ಎಂಬ ಚೀಟಿ ಒಂದೇ ಒಂದು ಉಳಿದರೂ ನಕ್ಷತ್ರವಿಲ್ಲ.

ಚೀಟಿ ಅಂಟಿಸುವವನ ಹೆಸರು ‘ಓದುಗ ೪೨’. ಮೊದಮೊದಲು ಅವನು ತಿದ್ದಿದ್ದೆಲ್ಲ ಸರಿಯಾಗಿಯೇ ಇತ್ತು, ಮೇಷ್ಟ್ರ ಹೊಟ್ಟೆಯುರಿಗೆ ಅದೂ ಒಂದು ಕಾರಣ. ಇಗ್ಬೋ ಮನೆಗೆ ನೆಂಟರು ಬಂದರೆ ಅಡಿಕೆ ಒಡೆದು ಹಂಚುತ್ತಾರೆ ಎಂದು ಇವರು ಬರೆಸಿದ್ದರು. ತಾಂಬೂಲ ಕೊಟ್ಟು ಕಳಿಸುವ ಸೀಮೆಯವರಿಗೆ ಬೇರೇನು ತೋಚೀತು? ‘ಅದು ಅಡಿಕೆಯಲ್ಲ, ಕೋಲಾ ಬೀಜ. ಎಲೆ ಸುಣ್ಣದ ಗೊಡವೆ ಇಲ್ಲ’ ಎಂದು ತಿದ್ದಿದ. ಇಗ್ಬೋ ಜನ ಹಬ್ಬ ಮಾಡುವ ಗೆಣಸನ್ನು ಸಿಹಿಗೆಣಸು ಎಂದದ್ದಕ್ಕೆ, ‘ಅಲ್ಲ, ಕಾಡಂಚಿನಲ್ಲಿ ಹಾರೆ ಹಾಕಿ ಅಗೆದು ತರುವ ಹೆಗ್ಗೆಣಸಿನ ಜಾತಿ ಇದು, ಬೇಯಲು ಹೊತ್ತು ಹಿಡಿಯುತ್ತದೆ’ ಎಂದು ತಿದ್ದಿದ. ಮೇಷ್ಟ್ರು ಗೊಣಗುತ್ತಲೇ ಒಪ್ಪಿಕೊಂಡರು.

ಒಪ್ಪಲಾಗದೆ ಹೋದದ್ದು ‘ಓಸು’ ಎಂಬ ಭಾಗದಲ್ಲಿ. ಓಸು ಎಂದರೆ ಹಿಂದೆ ದೇವರ ಸೊತ್ತೆಂದು ಬಿಟ್ಟವರ ವಂಶ. ಉಳಿದ ಇಗ್ಬೋ ಜನ ಅವರಿಂದ ಹೆಣ್ಣು ತರುತ್ತಿರಲಿಲ್ಲ, ಅವರಿಗೆ ಕೊಡುತ್ತಿರಲಿಲ್ಲ, ಹುಟ್ಟಿನಿಂದಲೇ ದೂರ ಇಡುತ್ತಿದ್ದರು. ಅದನ್ನು ಓದುವಾಗ ಮೇಷ್ಟ್ರ ಕಣ್ಣು ನಿಜವಾಗಿಯೂ ಒದ್ದೆಯಾಗಿತ್ತು. ಸಮಾಧಾನಕ್ಕೆಂದು ಕೊನೆಯಲ್ಲೊಂದು ಸಾಲು ಸೇರಿಸಿದ್ದರು: ‘ವಿದ್ಯೆ ಬಂದ ಮನೆಗಳಲ್ಲಿ ಇಂಥ ಅನಿಷ್ಟ ತಾನಾಗಿಯೇ ಅಳಿಯಿತು.’ ಹದಿನೇಳು ಸಲವೂ ಚೀಟಿ ಬಿದ್ದದ್ದು ಆ ಸಾಲಿಗೆ.

“ಇದು ಆ ಗುರುಸ್ವಾಮಿದೇ ಕಿತಾಪತಿ,” ಎಂದರು ಮೇಷ್ಟ್ರು. ಗುರುಸ್ವಾಮಿ ಅವರ ಹಳೆಯ ಶಿಷ್ಯ, ಆಗಾಗ ಮೇಷ್ಟ್ರನ್ನು ಕಾಣಲು ಮನೆಗೆ ಬಂದು ಹೋಗುವವನು. ಚಾಮರಾಜನಗರದಲ್ಲಿ ಕಂಪ್ಯೂಟರ್ ಕಲಿಸುತ್ತಾನೆ, ಲೇಖಕರ ಕೂಟ ನಡೆಸುವವನೂ ಅವನೇ.

ಚಂದ್ರಮತಿ ಕಂಪ್ಯೂಟರಿನಿಂದ ತಲೆ ಎತ್ತಲಿಲ್ಲ. “ಅವ್ನ್ಯಾಕ್ರೀ ಮಾಡಾನು?”

“ಆ ಸಾಲು ಕಂಡ್ರೆ ಇನ್ಯಾರಿಗ್ ಉರೀತದೆ? ಅವ್ರ ಬೀದಿಯವ್ರಿಗೇ ತಾನೆ?”

ಆಕೆ ಕಂಪ್ಯೂಟರ್ ಆರಿಸಿ ಎದ್ದಳು.

ಶನಿವಾರ ಬೆಳಗಿನ ಬಸ್ಸಿಗೇ ಮೇಷ್ಟ್ರು ಚಾಮರಾಜನಗರಕ್ಕೆ ಹೊರಟರು. ದಾರಿಯುದ್ದಕ್ಕೂ ಬಯ್ಗುಳ ಜೋಡಿಸಿಕೊಂಡರು. ಗುರುಸ್ವಾಮಿ ಅವರನ್ನು ಕಂಡೊಡನೆ ಎದ್ದು, ಕುರ್ಚಿ ಒರೆಸಿ ಮುಂದಿಟ್ಟ. ಅವರು ಕೂರಲಿಲ್ಲ.

“ಉಂಡ್ ಮನೆ ಜಂತೆ ಎಣಿಸ್ತೀಯೇನ್ಲಾ?”

“ನಿಮ್ಮನೇಲಿ ನಾನ್ಯಾವತ್ತೂ ಉಂಡಿಲ್ವಲ್ಲ ಸಾ,” ಎಂದ ಗುರುಸ್ವಾಮಿ ಮೆತ್ತಗೆ.

“ಮಾತಿಗ್ ಮಾತು ಕೊಡ್ಬೇಡ. ಓದುಗ ನಲವತ್ತೆರಡು ನೀನೇ ತಾನೆ?”

“ನಾನಲ್ಲ ಸಾ. ಅವ್ರ್ಗೆ ಫೋನಲ್ಲಿ ಖಾತೆ ಮಾಡೋದ ಏಳ್ಕೊಟ್ಟೋನು ನಾನು, ಅಷ್ಟೇಯ.”

“ಹಂಗಾರೆ ಯಾರು?”

“ಏಳ್ಬ್ಯಾಡ ಅಂದವ್ರೆ. ನಮ್ ಬೀದಿಯೋರಂತೂ ಅಲ್ಲ, ಬುಡಿ.”

ಮೇಷ್ಟ್ರಿಗೆ ನೆತ್ತಿಗೇರಿದ ಸಿಟ್ಟು ಇಳಿಯಲಿಲ್ಲ. ಗುಂಡ್ಲುಪೇಟೆಗೆ ಮರಳಿ, ಚಪ್ಪಲಿ ಬಿಡುತ್ತಲೇ ಕೂಗಿದರು: “ಬಾ ಇಲ್ಲಿ, ಹೊಡಿ.”

ಚಂದ್ರಮತಿ ಸೆರಗಿಗೆ ಕೈ ಒರೆಸಿಕೊಂಡು ಬಂದು ಕೂತಳು. ಮೇಷ್ಟ್ರು ಹಿಂದೆ ನಿಂತು, ಹಳೆಯ ತರಗತಿಯ ಗಂಟಲಿನಲ್ಲಿ ಒಂದೊಂದೇ ಪದ ಹೇಳಿಸಿದರು: ‘ಮುಖ ಮುಚ್ಚಿಕೊಂಡು ಕಲ್ಲೆಸೆಯುವ ಓದುಗ ೪೨, ಕೇಳು. ವಿದ್ಯಾವಂತರ ಮನೆಯಲ್ಲಿ ಇಂಥ ಅನಿಷ್ಟ ಇರುವುದಿಲ್ಲ ಎನ್ನಲು ನನ್ನ ಮನೆಯೇ ಆಧಾರ. ಅಲ್ಲವೆನ್ನುವ ಗಂಡಸಾದರೆ ನಿನ್ನ ಹೆಸರು ಹೇಳು, ನಿನ್ನ ಆಧಾರ ತೋರಿಸು.’

ಕೀಲಿಮಣೆಯ ಮೇಲೆ ಆಕೆಯ ಬೆರಳು ನಿಂತವು. “ಇದ್ನೇ ಹಾಕ್ಲಾ? ಎಲ್ರೂ ಓದ್ತಾರೆ.”

“ಓದ್ಲಿ ಅಂತ್ಲೇ ಹಾಕು.”

ಹಾಕಿದಳು. ಮೇಷ್ಟ್ರು ಗೆದ್ದವರ ಹಾಗೆ ಉಸಿರು ಬಿಟ್ಟು ಪಕ್ಕದ ಕುರ್ಚಿಯಲ್ಲಿ ಕೂತು ಒರಗಿದರು. ಆದರೆ ಟೈಪಿನ ಸದ್ದು ನಿಲ್ಲಲಿಲ್ಲ.

“ನಾನಿನ್ನೇನೂ ಹೇಳ್ಲಿಲ್ವಲ್ಲ. ಏನ್ ಹೊಡೀತಿದ್ದೀಯ?”

ಆಕೆ ಕೊನೆಯ ಗುಂಡಿ ಒತ್ತಿ, ಪರದೆಯನ್ನು ಅವರ ಕಡೆಗೆ ತಿರುಗಿಸಿ, ಎದ್ದು ಒಳಗೆ ಹೋದಳು. ಮೇಷ್ಟ್ರು ಕನ್ನಡಕ ಇಳಿಸಿಕೊಂಡು ಬಗ್ಗಿ ಓದಿದರು.

‘ಓದುಗ ೪೨ರ ಉತ್ತರ: ನನ್ನ ಹೆಸರು ಚಂದ್ರಮತಿ, ಗುರುಸ್ವಾಮಿ ಬಂದು ಹೋದಾಗಲೆಲ್ಲ ಅವನು ಕೂತೆದ್ದ ಜಗುಲಿಯನ್ನು ತೊಳೆದವಳು ನಾನು, ತೊಳೆ ಎಂದವರು ಈ ಲೇಖನದ ಲೇಖಕರು.’