ಆರು ಲೀಟರಿನ ಹಾಡು

ಮನೆಗೆ ತಿಂಗಳಿಗೆ ಆರೇ ಲೀಟರ್ ಪೆಟ್ರೋಲ್ ಎಂದಾದ ಮೇಲೆ, ಹೆದ್ದಾರಿಗಿಳಿಯುವ ಪ್ರತಿ ಕಾರಿನಲ್ಲೂ ಪದ್ಯ ಹಾಡುವ ಗಮಕಿಯೊಬ್ಬರು ಕೂರುವುದು ರೂಢಿಯಾಗಿದೆ. ಓದು ಒಂದೇ ಲಯದಲ್ಲಿದ್ದರೆ ಓಡಿಸುವವರ ಕಾಲೂ ಹದವಾಗಿ ಒತ್ತುತ್ತದೆ, ಮೈಲೇಜು ಬರುತ್ತದೆ.

ದಾವಣಗೆರೆಯಿಂದ ಹುಬ್ಬಳ್ಳಿಗೆ ಹೊರಟ ಸರ್ವಮಂಗಳೆಗೆ ಅತ್ತೆ ಗಿರಿಜಮ್ಮನವರೇ ಗಮಕಿ. ಅಲ್ಲಿನ ಆಸ್ಪತ್ರೆಯಲ್ಲಿ ಗಿರಿಜಮ್ಮನ ಮಗಳ ಮಗು ಚಾರ್ವಿಗೆ ಹನ್ನೊಂದು ಗಂಟೆಗೆ ಕಿವಿಯ ಯಂತ್ರ ಚಾಲೂ ಮಾಡುವವರಿದ್ದರು. ಹುಟ್ಟಿ ನಾಲ್ಕು ವರ್ಷವಾದರೂ ಏನೂ ಕೇಳಿಸದ ಮಗು. ಅದು ಮೊದಲು ಕೇಳುವ ದನಿ ಅಜ್ಜಿಯದೇ ಆಗಬೇಕೆಂದು ಮಗಳ ಆಸೆ.

ಆ ಖುಷಿಯಲ್ಲಿ ರಾಣೆಬೆನ್ನೂರಿನ ಬಳಿ ಗಿರಿಜಮ್ಮ ಯುದ್ಧದ ಪದ್ಯ ಎತ್ತಿಕೊಂಡುಬಿಟ್ಟರು. ಕಾರು ತೊಂಬತ್ತು ದಾಟಿತು.

"ಅತ್ತೆ, ಸಾಕು! ಮೈಲೇಜು ಹದಿನಾರಕ್ಕೆ ಬಿತ್ತು."

"ಓದಿದ್ದು ನಾನು. ಒತ್ತಿದ್ದು ಯಾರ ಕಾಲಮ್ಮ?"

"ನೀವು ಹಾಗೆ ರಥ ಓಡಿಸಿದ್ರೆ ಕಾಲು ಸುಮ್ನಿರತ್ತಾ?"

ಹಾವೇರಿ ಬಂದಾಗ ಎಪ್ಪತ್ತು ಕಿಲೋಮೀಟರ್ ದಾರಿಗೆ ಎರಡೂವರೆ ಲೀಟರ್ ಉಳಿದಿತ್ತು. ಗಿರಿಜಮ್ಮ ಮನಸ್ಸಿನಲ್ಲೇ ದೇವರಿಗೆ ಕೈಮುಗಿದು, ಸೀತೆ ಕಾಡಿನಲ್ಲಿ ನಡೆಯುವ ಭಾಗವನ್ನು ನಿಧಾನವಾಗಿ ಹಾಡತೊಡಗಿದರು. ಸರ್ವಮಂಗಳೆಯ ಕಾಲು ಹಗುರಾಯಿತು. ಲಾರಿಗಳು ಹಿಂದಿಕ್ಕಿ ಹೋದರೂ ಅವಳು ಅರವತ್ತು ಮೀರಲಿಲ್ಲ. ಇಳಿಜಾರಿನಲ್ಲಿ ಕಾಲನ್ನೇ ಎತ್ತಿದಳು. ಪೆಟ್ರೋಲ್ ಮುಗಿದು ಎಂಜಿನ್ ನಿಂತದ್ದು ಆಸ್ಪತ್ರೆಯ ಗೇಟಿನೊಳಗೆ. ಹನ್ನೊಂದಕ್ಕೆ ಇನ್ನೂ ಐದು ನಿಮಿಷವಿತ್ತು.

ಯಂತ್ರ ಚಾಲೂ ಆಯಿತು. ಗಿರಿಜಮ್ಮ ಮೆಲ್ಲಗೆ ಹಾಡಿದರು. ಚಾರ್ವಿ ಬೆಚ್ಚಿದಳು. ಇಷ್ಟು ದಿನ ಹಾಡನ್ನು ತಿಳಿಯುತ್ತಿದ್ದ ಹಾಗೆಯೇ ಅಂಗೈಯನ್ನು ಅಜ್ಜಿಯ ಗಂಟಲಿಗೊತ್ತಿದಳು. ಆಮೇಲೆ ಕೈ ತೆಗೆದಳು. ಹಾಡು ನಿಲ್ಲಲಿಲ್ಲ. ಮತ್ತೆ ಇಟ್ಟಳು, ಮತ್ತೆ ತೆಗೆದಳು, ನಕ್ಕಳು.