ನಂಜಪ್ಪನವರ ಕಾರಿನ ಕೆಂಪು ಹನಿ

ಹನಿ ನೇರವಾಗಿ ಭೀಮರಾಜನ ಹಣೆಯ ಮೇಲೆ ಬಿತ್ತು. ಕಾರಿನಡಿ ಅಂಗಾತ ಮಲಗಿದ್ದವನು ಬೆರಳಿನಿಂದ ಒರೆಸಿ ನೋಡಿದ. ಕೆಂಪು. ಮೂಸಿದ. ಗೇರ್ ಆಯಿಲ್. ಗೇರು ತಾನಾಗಿಯೇ ಬದಲಾಗುವ ಕಾರುಗಳಲ್ಲಿ ಆ ಎಣ್ಣೆ ಕೆಂಪಗೇ ಇರುತ್ತದೆಂದು ಅರಸೀಕೆರೆಯ ಹಳೇ ಮೆಕ್ಯಾನಿಕ್ಕಾದ ಅವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಆದರೂ ಎದೆ ಒಮ್ಮೆ ಧಸಕ್ಕೆಂದಿತು.

ಕಾರಣವಿತ್ತು. ಕಾರಿನ ಯಜಮಾನರಾದ ನಂಜಪ್ಪನವರು ತೀರಿಕೊಂಡು ಒಂದೂವರೆ ತಿಂಗಳಾಗಿತ್ತು. ಅಂದಿನಿಂದ ಕಾರು ಹಳೇಬೀಡಿನ ಈ ಮನೆಯ ಶೆಡ್ಡು ಬಿಟ್ಟು ಕದಲಿಲ್ಲ ಎಂದು ಅವರ ಹೆಂಡತಿ ಶಿವಗಂಗಮ್ಮ ಹೇಳುತ್ತಿದ್ದರು. ಹಾಲಿನ ಮಾರಮ್ಮ ಹೇಳುವುದೇ ಬೇರೆ. ಬೆಳಗಿನ ಜಾವ ಹುಲಿಕೆರೆ ರಸ್ತೆಯಲ್ಲಿ ಅದೇ ಕಾರು, ಅದೇ ಪೇಟ, ಅದೇ ಕರಿ ಕೋಟು. "ನಂಜಪ್ಪನೋರೇ ಕಣ್ರೀ, ನನ್ ಮಕ್ಕಳಾಣೆ. ಒಂದ್ ಸಲ ಅಲ್ಲ, ಮೂರ್ ಸಲ ನೋಡಿವ್ನಿ."

ನಂಜಪ್ಪನವರ ಗುರುತು ಇಲ್ಲದವರು ಸುತ್ತಮುತ್ತ ಇರಲಿಲ್ಲ. ಆರಡಿ ಆಳು. ಅರಸೀಕೆರೆಯಲ್ಲಿ ಕೊಬ್ಬರಿ ಮಂಡಿ. ಉಂಡೆ ಕೊಬ್ಬರಿಯನ್ನು ಬೆರಳಲ್ಲಿ ತಟ್ಟಿ, ಮೂಸಿ, ದರ್ಜೆ ಹೇಳಿದರೆಂದರೆ ಅದರ ಮೇಲೆ ಮಾತಿಲ್ಲ. ನಸುಕಿಗೇ ಕಾರು ಹೊರಟರೆ ಕತ್ತಲಾದ ಮೇಲೇ ವಾಪಸ್ಸು. ಹಿಂದಿನ ಸೀಟಿನಲ್ಲಿ ತಲೆತುಂಬ ಶಾಲು ಹೊದ್ದು ಹೆಂಡತಿ ಕೂತಿರಲೇಬೇಕು. ಮಂಡಿಯೊಳಗೂ ಆಕೆಯ ಕೈ ಹಿಡಿದೇ ಓಡಾಟ. ಈ ವಯಸ್ಸಿನಲ್ಲಿ ಇದೇನು ಸರಸವೋ ಎಂದು ಹಮಾಲಿಗಳು ಮುಸಿಮುಸಿ ನಗುತ್ತಿದ್ದರು.

ಈಗ ಕಾರು ಅವರ ತಮ್ಮ ಉದಯಕುಮಾರನ ಪಾಲಿಗೆ ಹೋಗುವುದಿತ್ತು. ಭೀಮರಾಜನನ್ನು ಕಳಿಸಿದ್ದೂ ಅವನೇ. "ಸೋರೋದು ನಿಲ್ಸಿ, ಗಾಡೀನ ನೀನೇ ಓಡಿಸ್ಕೊಂಡು ಅರಸೀಕೆರೆಗೆ ತಂದ್ಬಿಡಯ್ಯ. ನಮ್ಮತ್ತಿಗೆಗ್ಯಾಕೆ ಕಾರು? ಸೈಕಲ್ಲೂ ತುಳಿದೋರಲ್ಲ."

ಭೀಮರಾಜ ಕಾರಿನಡಿಯಿಂದ ಜಾರಿ ಹೊರಬಂದ. ಶಿವಗಂಗಮ್ಮ ಶೆಡ್ಡಿನ ಬಾಗಿಲಲ್ಲೇ ನಿಂತಿದ್ದರು. ಒಳಗೆ ಕಾಲಿಡಲು ಅಂಜಿದಂತೆ ಕಾಣುತ್ತಿತ್ತು.

"ಬೆಳಗಾದ್ರೆ ಹೊಸ ಹನಿ ಬಿದ್ದಿರ್ತದೆ ಕಣಪ್ಪ. ರಿವರ್ಸಿಗೆ ಹಾಕಿದ್ರೆ ಒಂದು ಗಳಿಗೆ ಸುಮ್ನಿದ್ದು ಆಮೇಲೆ ಎಳೀತದಂತೆ."

"ಯಾರಮ್ಮ ಹೇಳಿದ್ದು?"

ಆಕೆ ಮುಖ ಆಚೆ ತಿರುಗಿಸಿದರು. "ಅವರೇ. ಕನಸಿನಾಗೆ ಬತ್ತಾರೆ."

ಭೀಮರಾಜ ಕಾರಿನತ್ತ ತಿರುಗಿ ನೋಡಿದ. ಎಣ್ಣೆ ಕಡಿಮೆಯಾದಾಗ ಈ ಜಾತಿಯ ಗೇರು ಮಾಡುವುದು ಸರಿಯಾಗಿ ಹಾಗೆಯೇ. ಮನೆಯಲ್ಲಿ ಬುದ್ಧನ ಫೋಟೋ ಇಟ್ಟುಕೊಂಡವನು, ದೆವ್ವಗಿವ್ವ ಎಂದರೆ ನಗುವವನು. ಇವತ್ತು ನಗು ಬರಲಿಲ್ಲ. ಸತ್ತವರು ಬಂದು ರಿಪೇರಿ ಹೇಳುವುದೆಂದರೇನು?

ಸೀಮೆಎಣ್ಣೆ ಬಟ್ಟೆಯಿಂದ ಗೇರ್‌ಬಾಕ್ಸನ್ನು ಒರೆಸಿ ಒಣಗಿಸಿದ. ಇನ್ನು ಅದರ ಮೇಲೆ ಮುಖದ ಪೌಡರ್ ಉದುರಿಸಬೇಕು. ಎಣ್ಣೆ ಎಲ್ಲಿಂದ ಹೊರಟು ಎಲ್ಲಿಗೆ ಹರಿಯಿತೆಂಬುದನ್ನು ಅದೇ ತೋರಿಸಿಕೊಡುತ್ತದೆ. ಕೇಳಿದರೆ ಶಿವಗಂಗಮ್ಮ ಪೆಚ್ಚಾದರು. "ಪೌಡರ್ರು ಎಲ್ಲಿಂದ ತರ್ಲಿ? ವಿಭೂತಿ ಐತೆ." ಗಟ್ಟಿಯನ್ನು ಪುಡಿಮಾಡಿ ತಂದುಕೊಟ್ಟರು. ಭೀಮರಾಜ ಅದನ್ನೇ ತೆಳ್ಳಗೆ ಉದುರಿಸಿ, ನಾಳೆ ಬರುತ್ತೇನೆಂದು ಬಸ್ತಿಹಳ್ಳಿಯ ಅಕ್ಕನ ಮನೆಗೆ ಹೋದ. ಆ ರಾತ್ರಿ ನಿದ್ದೆ ಹತ್ತಿರ ಸುಳಿಯಲಿಲ್ಲ.

ಬೆಳಿಗ್ಗೆ ಬಂದು ಕಾರಿನಡಿ ಟಾರ್ಚು ಬಿಟ್ಟ. ಆಕ್ಸಲ್ ಗೇರ್‌ಬಾಕ್ಸಿಗೆ ಸೇರುವ ಕಡೆ ವಿಭೂತಿ ಒದ್ದೆಯಾಗಿತ್ತು. ಎಣ್ಣೆ ತಡೆಯುವ ಸೀಲು ಸವೆದಿದೆ, ಸಣ್ಣ ಕೆಲಸ. ಆದರೆ ಎಣ್ಣೆ ಕೆಳಗಿಳಿದಿರಲಿಲ್ಲ. ಸುತ್ತಲೂ ಸಿಡಿದಿತ್ತು, ಕಾರು ಓಡಿ ಆಕ್ಸಲ್ ತಿರುಗಿದರೆ ಮಾತ್ರ ಸಿಡಿಯುವ ಹಾಗೆ. ಬಾನೆಟ್ ಮುಟ್ಟಿದ. ಬೆಚ್ಚಗಿತ್ತು.

ಎದ್ದು ಓಡಿಬಿಡೋಣ ಅನ್ನಿಸಿತು. ಓಡಲಿಲ್ಲ, ಕೈಗೆ ಕೆಲಸ ಕೊಟ್ಟ. ಎಣ್ಣೆ ಇಳಿಸಿ, ಆಕ್ಸಲ್ ಎಳೆದು, ಹಳೇ ಸೀಲನ್ನು ಮೀಟಿ ತೆಗೆದ. ತಂದಿದ್ದ ಹೊಸದನ್ನು ಮರದ ತುಂಡಿಟ್ಟು ಮೆಲ್ಲಗೆ ತಟ್ಟಿ ಕೂರಿಸಿದ. ಹೊಸ ಎಣ್ಣೆ ತುಂಬಿದ. ಅಷ್ಟು ಹೊತ್ತೂ ಶಿವಗಂಗಮ್ಮ ಬಾಗಿಲು ಬಿಟ್ಟು ಅಲ್ಲಾಡಲಿಲ್ಲ.

"ತಗೊಂಡು ಹೋಗ್ತೀಯಾ?" ಎಂದರು ಕೊನೆಗೆ.

"ಸಾರ್ ಹೇಳವ್ರಲ್ಲಮ್ಮ."

"ಇದೂ ಹೋದ್ರೆ ಅವರು ಎರಡನೇ ಸಲ ಹೋದಂಗೆ ಕಣಪ್ಪ."

ಭೀಮರಾಜನಿಗೆ ಸಂಕಟವಾಯಿತು. ಆದರೂ ಕಾರಿನ ಬಾಗಿಲು ತೆಗೆದು ಡ್ರೈವರ್ ಸೀಟಿಗೆ ಕಾಲಿಟ್ಟ. ಕೂರಲಾಗಲಿಲ್ಲ. ಮೊಣಕಾಲು ಸ್ಟೇರಿಂಗಿಗೆ ಬಡಿಯಿತು. ಸೀಟನ್ನು ಪೂರ್ತಿ ಮುಂದಕ್ಕೆ ಎಳೆದಿದ್ದರು. ಅವನು ಅಲ್ಲೇ ಅರೆಬಗ್ಗಿ ನಿಂತು, ಬಾಗಿಲಲ್ಲಿದ್ದ ಕುಳ್ಳನೆಯ ಹೆಂಗಸನ್ನು ನೋಡಿದ. ಆಕೆ ತಲೆ ತಗ್ಗಿಸಿದರು.



ಭೀಮರಾಜ ಕೈ ಒರೆಸಿಕೊಂಡು ಪಡಸಾಲೆಗೆ ಹೋಗಿ ಅರಸೀಕೆರೆಗೆ ಫೋನ್ ಮಾಡಿದ.

"ಸಾರ್, ಗಾಡಿ ನಾನು ತರಾಕಿಲ್ಲ. ಮಾರಮ್ಮ ಹೇಳಿದ್ದು ದಿಟ. ಬೆಳಗಿನ ಜಾವ ಓಡೈತೆ, ಬಾನೆಟ್ಟು ಇನ್ನೂ ಬಿಸಿ. ನಾನೇ ಮುಟ್ಟಿ ನೋಡ್ದೆ."

 ಉದಯಕುಮಾರನ ದನಿ ಅರ್ಧಕ್ಕರ್ಧ ಇಳಿದಿತ್ತು. "ಬ್ಯಾಡ ಬಿಡಯ್ಯ. ಅಲ್ಲೇ ಇರ್ಲಿ. ನಮಗ್ಯಾಕೆ ಆ ಸಾವಾಸ."

ಶಿವಗಂಗಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು. ಹೆದರಿದ್ದು ಸಾಕಾಗಿ ಭೀಮರಾಜನಿಗೆ ಈಗ ನಗು ಬಂತು. ಪೇಟ ಸುತ್ತಿ, ಕೋಟು ಹಾಕಿಕೊಂಡು, ಈ ವಯಸ್ಸಿನಲ್ಲಿ!

"ಅಲ್ರಮ್ಮ, ಡ್ರೈವಿಂಗ್ ಅಂದ್ರೆ ಹುಡುಗಾಟವಾ? ಅವರು ಹೋಗಿ ಬರೀ ಒಂದೂವರೆ ತಿಂಗಳು, ಅಷ್ಟರಾಗೆ ಕಲಿತುಬಿಟ್ರಾ?"

"ಕಲಿತು ಆರು ವರ್ಷ ಆಯ್ತು ಕಣಪ್ಪ, ಅವರ ಎರಡು ಕಣ್ಣೂ ಪೂರಾ ಹೋದ ವರ್ಷ. ಹಿಂದಿನ ಸೀಟಿನಾಗೆ ಶಾಲು ಹೊದ್ದು ಕೂತಿರ್ತಿದ್ದೋರು ಅವರು."