ಪ್ರೂಫ್ ತಿದ್ದಿದವರು

ಸ್ವಲ್ಪ ಉದ್ದ ಇದೆ... ಚಹಾ ಕಪ್ಪು ಕೈಗೆ ತಗೊಂಡು ನಿಧಾನಕ್ಕೆ ಓದಿ.

ನಮ್ಮ ಸ್ಟಾಫ್ ರೂಮಿನಲ್ಲಿ ನನ್ನ ಪಕ್ಕದ ಕುರ್ಚಿ ನೀಲಾಂಬಿಕಾ ಟೀಚರ್ ಅವರದು. ಧಾರವಾಡದ ನಮ್ಮ ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತಾರೆ, ಬಿಡುವಿದ್ದಾಗ ಕಥೆ ಬರೆಯುತ್ತಾರೆ.

ಹದಿನಾಲ್ಕು ಕಥೆ ಆಗಿದ್ದವು. ಹೇಗಾದರೂ ಒಂದು ಪುಸ್ತಕ ಆಗಬೇಕು ಅನ್ನುವ ಆಸೆ...

ಸಿಕ್ಕವರನ್ನೆಲ್ಲ ಕೇಳಿದರು. ಕಥೆ ಯಾರು ಓದುತ್ತಾರೆ, ಕಾದಂಬರಿ ಇದ್ದರೆ ತನ್ನಿ ಎಂದರು ಒಬ್ಬ ಪ್ರಕಾಶಕರು. ಮೊದಲು ಹೆಸರು ಮಾಡಿಕೊಂಡು ಬನ್ನಿ ಎಂದರು ಇನ್ನೊಬ್ಬರು. ಪುಸ್ತಕವೇ ಬರದೆ ಹೆಸರು ಎಲ್ಲಿಂದ ಬರಬೇಕು, ನೀವೇ ಹೇಳಿ!

ಫೇಸ್‌ಬುಕ್‌ನಲ್ಲಿ ಹಾಕಿಬಿಡಿ ಟೀಚರ್ ಅಂತ ನಾನೂ ಹೇಳಿದೆ. ಪುಕ್ಕಟೆ ಸಲಹೆ ಕೊಡುವುದರಲ್ಲಿ ನಾನು ಯಾವತ್ತೂ ಹಿಂದೆ ಬಿದ್ದವಳಲ್ಲ.

ಆದರೆ ಅವರ ಹತ್ತಿರ ಇನ್ನೊಂದು ಪ್ರಶ್ನೆಯೂ ಇತ್ತು. ಅದನ್ನು ಯಾರ ಮುಂದೆಯೂ ಕೇಳುತ್ತಿರಲಿಲ್ಲ...

ಹುಬ್ಬಳ್ಳಿಯಲ್ಲಿ ಹೊಲಿಗೆ ಕ್ಲಾಸ್ ನಡೆಸುವ ಅವರ ಅಕ್ಕ ದಾಕ್ಷಾಯಣಿ ಏಳು ವರ್ಷದಿಂದ ತಂಗಿಯ ಜೊತೆ ಮಾತು ಬಿಟ್ಟಿದ್ದರು. ಕಾರಣ ಒಂದು ಕಥೆ.

ಅಕ್ಕ ಚಿಕ್ಕ ವಯಸ್ಸಿನಲ್ಲೇ ಗಂಡನ ಮನೆ ಬಿಟ್ಟು, ಒಂದು ಟ್ರಂಕ್ ಹಿಡಿದುಕೊಂಡು ಬಸ್ಸು ಹತ್ತಿ ತವರಿಗೆ ಬಂದವರು. ತಂಗಿ ಅದನ್ನೇ ಕಥೆ ಮಾಡಿದರು. ವಾರಪತ್ರಿಕೆಯಲ್ಲೂ ಬಂತು.

ಹೆಸರು ಬದಲಿಸಿದ್ದರೇನು, ಬೀಗರು-ಬಿಜ್ಜರಿಗೆಲ್ಲ ಗೊತ್ತಾಗಿಹೋಯಿತು. ಅಕ್ಕ ಮನೆಯ ಬಾಗಿಲು ಹಾಕಿಕೊಂಡರು. ಅದನ್ನು ತಟ್ಟುವ ಧೈರ್ಯ ತಂಗಿಗೆ ಬರಲೇ ಇಲ್ಲ.

ತಮಾಷೆ ನೋಡಿ... ಹದಿನಾಲ್ಕರಲ್ಲಿ ಎಲ್ಲರೂ ಮೆಚ್ಚಿದ್ದು ಅದೇ ಕಥೆ.

ಕೊನೆಗೆ ಯಾರೋ ಮಡಿವಾಳಪ್ಪನವರ ವಿಳಾಸ ಕೊಟ್ಟರು. ಹಳೇ ಪ್ರೆಸ್ಸಿನ ಯಜಮಾನರು, ವರ್ಷಕ್ಕೆ ಎರಡೋ ಮೂರೋ ಪುಸ್ತಕ ತಾವೇ ಪ್ರಕಟಿಸುವವರು.

ಟೀಚರ್ ಕಥೆಗಳನ್ನು ಹಿಡಿದು ಆ ಪ್ರೆಸ್ಸಿಗೆ ಹೋದಾಗ ಮಧ್ಯಾಹ್ನ ಮೂರು ಗಂಟೆ. ಮಷೀನಿನ ಒಂದೇ ಸಮನೆ ಸದ್ದು, ಇಂಕಿನ ವಾಸನೆ, ಫ್ಯಾನಿನ ಗಾಳಿಗೆ ನೆಲದ ಮೇಲೆಲ್ಲ ಹಾರಾಡುವ ಕಾಗದದ ಚೂರುಗಳು... ಟೀಚರ್‌ಗೆ ಎಚ್ಚರವಿದ್ದೂ ಕನಸು ಬಿದ್ದ ಹಾಗಿತ್ತಂತೆ.

ಆ ಮಂಪರಿನಲ್ಲೇ ಎಲ್ಲ ಬಾಯಿಗೆ ಬಂದುಬಿಟ್ಟಿತು. ಪುಸ್ತಕ ಹೇಗೆ ತರುವುದು? ಆ ಕಥೆ ಹಾಕುವುದೋ ಬಿಡುವುದೋ? ಹಾಕಿದರೆ ಅಕ್ಕ ಈ ಜನ್ಮದಲ್ಲಿ ಮಾತಾಡುವುದಿಲ್ಲ, ಬಿಟ್ಟರೆ ಪುಸ್ತಕಕ್ಕೆ ಜೀವವಿಲ್ಲ...

ಮಡಿವಾಳಪ್ಪ ಎಲ್ಲ ಕೇಳಿಸಿಕೊಂಡರು. ಕಥೆಗಳನ್ನು ಇಟ್ಟುಕೊಂಡರು. ತಿಂಗಳ ಮೇಲೆ ಕರೆಸಿ, ಪುಸ್ತಕ ನಾವೇ ಮಾಡುತ್ತೇವೆ ಎಂದರು. ಆ ಒಂದು ಕಥೆಯ, ಅಚ್ಚಿಗೆ ಮೊದಲು ತಪ್ಪು ತಿದ್ದುವ ಪ್ರೂಫ್ ಹಾಳೆಗಳನ್ನು ಮಾತ್ರ ಬೇರೆ ಕವರಿನಲ್ಲಿ ಹಾಕಿ ಕೈಗೆ ಕೊಟ್ಟರು.

"ನಮ್ಮ ಪ್ರೆಸ್ಸಿನಾಗ ಪ್ರೂಫ್ ಒಬ್ಬರೇ ನೋಡಂಗಿಲ್ರಿ. ಒಬ್ಬರು ಓದಬೇಕು, ಇನ್ನೊಬ್ಬರು ತಿದ್ದಬೇಕು. ಬರದವರ ಕಣ್ಣಿಗೆ ತಮ್ಮ ತಪ್ಪು ಕಾಣಂಗಿಲ್ಲ."

ಇದನ್ನು ಯಾರು ತಿದ್ದಬೇಕು ಎಂದು ಟೀಚರ್ ಕೇಳಿದರು.

"ನಿಮ್ಮ ಅಕ್ಕಾರು."

ಟೀಚರ್ ಆ ಕವರನ್ನು ಮೂರು ದಿನ ಬ್ಯಾಗಿನಲ್ಲಿಟ್ಟುಕೊಂಡು ತಿರುಗಿದರು. ನಾಲ್ಕನೇ ದಿನ ಭಾನುವಾರ. ಬಸ್ಸು ಹತ್ತಿ ಹೋಗಿ ಅಕ್ಕನ ಮನೆಯ ಬಾಗಿಲು ತಟ್ಟಿದರು.

ಅಕ್ಕ ತೆಗೆದರು. ನೋಡಿದರು.

ಪ್ರೂಫ್ ತಿದ್ದಬೇಕಿತ್ತು ಅಂದರಂತೆ ಟೀಚರ್. ಏಳು ವರ್ಷದ ಮೇಲೆ ಅಕ್ಕನ ಹತ್ತಿರ ಆಡಿದ ಮೊದಲ ಮಾತು ಅದು!

ಅಕ್ಕ ಒಳಗೆ ಹೋದರು. ಬರುವಾಗ ಕಣ್ಣಿಗೆ ಕನ್ನಡಕ ಇತ್ತು, ಕೈಯಲ್ಲಿ ಒಂದು ನೀಲಿ ಪೆನ್ನು ಇತ್ತು.

ತಂಗಿ ಓದತೊಡಗಿದರು. ಹೊರಗೆ ಓಣಿಯೆಲ್ಲ ಊಟ ಮುಗಿಸಿ ಮಲಗಿತ್ತು. ಓದುತ್ತ ಓದುತ್ತ ಇಬ್ಬರೂ ಆ ಹಳೇ ಬಸ್ಸಿನಲ್ಲಿ, ಆ ಟ್ರಂಕಿನ ಪಕ್ಕದಲ್ಲೇ ಕೂತು ಹೋಗುತ್ತಿರುವ ಹಾಗಾಯಿತು...

'ಅವಳು ದಾರಿಯುದ್ದಕ್ಕೂ ಅಳುತ್ತಲೇ ಬಂದಳು.'

ಅಕ್ಕ ಆ ಸಾಲನ್ನು ಪೂರ್ತಿ ಹೊಡೆದು ಹಾಕಿದರು.

"ಇದು ಸುಳ್ಳು, ನೀಲಾ. ನಾ ಅತ್ತಿರಲಿಲ್ಲ. ಕಿಡಕಿಗೆ ತಲಿ ಆನಿಸಿ ಮಲಗಿಬಿಟ್ಟಿದ್ದೆ. ಲಗ್ನ ಆದ ಆರು ವರ್ಷದ ಮ್ಯಾಲೆ ಅವತ್ತ ನನಗ ಚಲೋ ನಿದ್ದಿ ಬಂದಿತ್ತು."

ಟೀಚರ್‌ಗೆ ಮುಂದೆ ಓದಲು ಆಗಲಿಲ್ಲ. ಅಕ್ಷರಗಳೆಲ್ಲ ಕಲಸಿಹೋದವು.

"ನೀ ಬರದದ್ದಕ್ಕ ಸಿಟ್ಟಿಲ್ಲ ನನಗ. ಊರಿಗೆಲ್ಲಾ ನಾ ಅತ್ತೆ ಅಂತ ತೋರಿಸಿದಿ, ಅದಕ್ಕ ಸಿಟ್ಟು. ಒಂದ್ ಸಲ ಕೇಳಿದ್ದರ ನಾನೇ ಹೇಳತಿದ್ದೆ. ಬಾಗಲಾ ಹಾಕ್ಕೊಂಡು ಏಳು ವರ್ಷ ಕಾದೆ... ನೀ ಬಡೀಲೇ ಇಲ್ಲ."

ತಂಗಿ ಅಕ್ಕನ ಮಡಿಲಲ್ಲಿ ತಲೆಯಿಟ್ಟು ಬಿಕ್ಕಿಬಿಕ್ಕಿ ಅತ್ತರು. ಅಕ್ಕ ತಲೆ ಸವರುತ್ತಲೇ ಗದರಿದರಂತೆ, ಹಾಳೆ ತೋಯಿಸಬ್ಯಾಡ, ಇನ್ನೂ ಆರು ಪುಟ ಉಳಿದಾವ ಅಂತ.

ಮರುದಿನ ಪ್ರೂಫ್ ಪ್ರೆಸ್ಸಿಗೆ ವಾಪಸ್ ಬಂತು. ಪುಟಪುಟವೂ ನೀಲಿ. ಇಡೀ ಕಥೆ ಮತ್ತೆ ಕಂಪೋಸ್ ಮಾಡಬೇಕಾಯಿತು. ಮಡಿವಾಳಪ್ಪ ಸಿಡಿಮಿಡಿ ಮಾಡಲಿಲ್ಲ, ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು ಅಷ್ಟೇ.

ಪುಸ್ತಕ ಬಂತು. ನನ್ನ ಪ್ರತಿ ಕೈಗೆ ಸಿಕ್ಕ ಕೂಡಲೇ ಆ ಕಥೆಯನ್ನೇ ತೆಗೆದೆ. ಹುಡುಗಿ ಕಿಟಕಿಗೆ ತಲೆಯಾನಿಸಿ ಮಲಗಿದ್ದಾಳೆ, ಊರುಗಳು ಹಿಂದೆ ಹೋಗುತ್ತಿವೆ, ಅವಳಿಗೆ ಎಚ್ಚರವೇ ಇಲ್ಲ... ಸ್ಟಾಫ್ ರೂಮಿನಲ್ಲೇ ಅತ್ತುಬಿಟ್ಟೆ. ಅದರಲ್ಲಿ ನಾಚಿಕೆ ಏನು ಬಂತು!

ಒಳಪುಟದಲ್ಲಿ ಸಣ್ಣ ಅಕ್ಷರದಲ್ಲಿ ಒಂದು ಸಾಲು ಇತ್ತು.

ಪ್ರೂಫ್ ತಿದ್ದಿದವರು: ದಾಕ್ಷಾಯಣಿ, ನನ್ನ ಅಕ್ಕ.

*

ನಮ್ಮವರ ನೋವನ್ನು ನಾವೇ ಊಹಿಸಿ ಬರೆದುಕೊಳ್ಳುವ ಮೊದಲು, ಒಂದು ಸಲ ಅವರ ಕೈಗೂ ಪೆನ್ನು ಕೊಡೋಣ.

*

ನೀವು ಯಾರ ಕಥೆಯನ್ನು ಅವರನ್ನು ಕೇಳದೆಯೇ ಬರೆದು ಮುಗಿಸಿದ್ದೀರಿ... ಅವರ ಬಾಗಿಲು ತಟ್ಟಿ ಎಷ್ಟು ವರ್ಷವಾಯಿತು?